ಬೇಸಿಗೆ ರಜೆಗೆ ಮನೆಮಂದಿಯೆಲ್ಲಾ ಬಂದು ಉಳ್ಕೊಂಡಾಗ: ಪದೇ ಪದೇ ಕೇಳೋ ಪ್ರಶ್ನೆಗಳು

ರಜೆ ಹತ್ರ ಬಂದ ಹಾಗೆ ಫೋನ್ ಬರೋಕೆ ಶುರುವಾಗತ್ತೆ, ನಾವು ಇಷ್ಟು ಜನ ಬರ್ತಿದೀವಿ ಅಂತ. ಖುಷಿನೂ ಆಗತ್ತೆ, ಅದರ ಜೊತೆಗೇ ಹಾಸಿಗೆ ಎಷ್ಟಿದೆ, ಬಾತ್‌ರೂಮ್ ಒಂದೇ ಇದೆಯಲ್ಲ ಅಂತ ತಲೇಲಿ ಲೆಕ್ಕನೂ ಓಡತ್ತೆ. ಒಂದು ಹೊತ್ತು ಊಟ ಮಾಡ್ಕೊಂಡು ಹೋಗೋ ನೆಂಟರದ್ದು ಒಂದು ಥರ, ವಾರಗಟ್ಟಲೆ ಇರೋಕೆ ಬರೋ ದೊಡ್ಡಮ್ಮ, ಚಿಕ್ಕಪ್ಪ, ಅತ್ತೆ, ಮಾವ, ಅವರ ಮಕ್ಕಳು ಮೊಮ್ಮಕ್ಕಳದ್ದೇ ಇನ್ನೊಂದು ಥರ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಬಂದ ಮಾರನೇ ದಿನದಿಂದಾನೇ ಅವರನ್ನ ಮನೆಯವರು ಅಂತಾನೇ ನೋಡಿ. ಮನೆಯವರಿಗೆ ಕೆಲ್ಸ ಇರತ್ತೆ, ಮನೆಯವರ ಹತ್ರ ನಿಜ ಹೇಳ್ಬಹುದು, ಮನೆಯವರನ್ನ ಬೆಳಗ್ಗಿಂದ ರಾತ್ರಿವರೆಗೆ ಖುಷಿಪಡಿಸ್ತಾನೇ ಇರ್ಬೇಕು ಅಂತ ಯಾರೂ ಅಂದ್ಕೊಳ್ಳಲ್ಲ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಮ್ಮಿ ಇಲ್ಲಿಂದಾನೇ ಬಂದಿರೋದು.

ಎಷ್ಟು ದಿನ ಇರ್ತೀರಾ ಅಂತ ಕೇಳಿದ್ರೆ ತಪ್ಪು ತಿಳ್ಕೊಳ್ಳಲ್ವಾ?

ಕೇಳೋ ಟೈಮ್ ಮೇಲೆ ಹೋಗತ್ತೆ. ಬಂದು ನಾಲ್ಕು ದಿನ ಆದ್ಮೇಲೆ ಕೇಳಿದ್ರೆ ಖಂಡಿತ ತಪ್ಪು ತಿಳ್ಕೋತಾರೆ, ಯಾವಾಗ ಹೋಗ್ತೀರಾ ಅಂದ ಹಾಗೇ ಕೇಳ್ಸತ್ತೆ. ಅವರು ಟಿಕೆಟ್ ಮಾಡೋಕ್ಕಿಂತ ಮುಂಚೆ ಕೇಳಿ, ಬರೋ ದಿನ ಹೋಗೋ ದಿನ ಎರಡನ್ನೂ ಒಟ್ಟಿಗೇ ಕೇಳಿ, "ಯಾವತ್ತು ಬರ್ತೀರಾ, ಯಾವತ್ತಿನ ತನಕ ಇರ್ತೀರಾ ಹೇಳಿ ಅತ್ತೆ, ಅದಕ್ಕೆ ಸರಿಯಾಗಿ ನಾನು ಆಫೀಸಲ್ಲಿ ರಜೆ ಹೊಂದಿಸ್ಕೋತೀನಿ" ಅಂದ್ರೆ ಯಾರಿಗೂ ಬೇಜಾರಾಗಲ್ಲ, ನೀವು ರಜೆ ಹಾಕ್ತಿದೀರಾ ಅಂತ ಖುಷಿನೇ ಆಗತ್ತೆ. ಎರಡು ಮೂರು ಕುಟುಂಬ ಬರೋದಿದ್ರೆ ಎಲ್ಲರೂ ಒಟ್ಟಿಗಿರೋ ದಿನಗಳನ್ನ ಕಮ್ಮಿ ಇಟ್ಟು, ಹಿಂದೆ ಮುಂದೆ ಒಬ್ಬೊಬ್ಬರೇ ಇರೋ ಹಾಗೆ ಮಾಡೋದು ನನಗಂತೂ ಜಾಸ್ತಿ ಇಷ್ಟ, ಯಾಕಂದ್ರೆ ಹತ್ತು ಹನ್ನೆರಡು ಜನ ಇದ್ದಾಗ ಗಲಾಟೆ ಚೆನ್ನಾಗಿರತ್ತೆ ಆದ್ರೆ ಒಬ್ಬರ ಹತ್ರನೂ ನೆಟ್ಟಗೆ ಕೂತು ಮಾತಾಡೋಕಾಗಲ್ಲ.

ಮನೆ ಚಿಕ್ಕದು. ಯಾರನ್ನ ಎಲ್ಲಿ ಮಲಗ್ಸೋದು?

ಜಾಗ ಎಷ್ಟಿದೆ ಅನ್ನೋದು ಆಮೇಲೆ, ಯಾರು ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಮೊದ್ಲು ನೋಡಿ. ವಯಸ್ಸಾದೋರು, ಬಸುರಿ ಹೆಂಗಸರು, ಮಂಡಿ ನೋವು ಇರೋರು ಬಾತ್‌ರೂಮಿಗೆ ಹತ್ರ ಇರೋ ರೂಮಲ್ಲಿ, ಮಂಚದ ಮೇಲೆ. ಕೈಗೂಸು ಇರೋ ತಾಯಿಗೆ ಬಾಗಿಲು ಹಾಕ್ಕೊಳ್ಳೋಕೆ ಆಗೋ ಜಾಗ, ಅದು ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ. ಗೊರಕೆ ಹೊಡೆಯೋರನ್ನ ಒಂದೇ ಕಡೆ ಹಾಕಿ. ಮಕ್ಕಳಿಗೆ ಮಾತ್ರ ನೆಲವೇ ಸ್ವರ್ಗ, ಹಾಲಲ್ಲಿ ಉದ್ದಕ್ಕೆ ಹಾಸಿಗೆ ಹಾಸ್ಬಿಟ್ರೆ ಅವರಿಗೆ ಇಡೀ ರಜೆಯ ನೆನಪಲ್ಲಿ ಉಳಿಯೋದು ಅದೇ. ಹದಿವಯಸ್ಸಿನೋರದ್ದು ಸ್ವಲ್ಪ ಬೇರೆ, ಅವರಿಗೆ ಬಟ್ಟೆ ಬದಲಾಯಿಸೋಕೆ, ಸುಮ್ನೆ ಒಂದರ್ಧ ಗಂಟೆ ಒಬ್ಬರೇ ಇರೋಕೆ ಒಂದು ಮೂಲೆ ಬೇಕಾಗತ್ತೆ, ಕೇಳಲ್ಲ ಆದ್ರೆ ಬೇಕಾಗತ್ತೆ.

ಮಕ್ಕಳು ಎಷ್ಟು ಹೊತ್ತಿಗೆ ಮಲಗ್ಬೇಕು ಅನ್ನೋದ್ರಲ್ಲಿ ರಜೆ ಅಂತ ಪೂರ್ತಿ ಬಿಡ್ಬೇಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 3-4 ವರ್ಷದೋರಿಗೆ 10ರಿಂದ 13 ಗಂಟೆ. ರಾತ್ರಿ ಲೇಟಾದ್ರೆ ಬೆಳಗ್ಗೆ ಎಬ್ಬಿಸ್ಬೇಡಿ, ಅಷ್ಟೇ. ಹಾಲಲ್ಲಿ ಮಲಗಿರೋ ಮಕ್ಕಳು ಬೆಳಗ್ಗೆ ಬೇಗ ಏಳೋ ದೊಡ್ಡೋರ ಓಡಾಟಕ್ಕೆ ಎದ್ಬಿಡ್ತಾರೆ, ಆಮೇಲೆ ಸಂಜೆ ಹೊತ್ತಿಗೆ ಸಣ್ಣ ಸಣ್ಣದಕ್ಕೂ ಅಳು. ಎಷ್ಟೋ ಜಗಳಕ್ಕೆ ಕಾರಣ ಸ್ವಭಾವ ಅಂದ್ಕೊಂಡಿರ್ತೀವಿ, ನಿಜವಾದ ಕಾರಣ ನಿದ್ದೆಗೇಡು.

ಬಾತ್‌ರೂಮ್ ಒಂದೇ, ಜನ ಹತ್ತು. ಹೇಗೆ?

ಸ್ನಾನ ಎಲ್ಲರೂ ಬೆಳಗ್ಗೇನೇ ಮಾಡ್ಬೇಕು ಅಂತ ಹಠ ಬಿಟ್ರೆ ಅರ್ಧ ಸಮಸ್ಯೆ ಮುಗೀತು. ಬೇಸಿಗೇಲಿ ಆಟ ಆಡಿ ಬೆವತು ಬಂದಿರೋ ಮಕ್ಕಳಿಗೆ ಸಂಜೆ ಸ್ನಾನನೇ ಸರಿ, ನಿದ್ದೆನೂ ಚೆನ್ನಾಗಿ ಬರತ್ತೆ. ಬೆಳಗ್ಗೆ ಕೆಲ್ಸಕ್ಕೆ ಹೋಗೋರಿಗೆ ಮೊದಲ ಸರದಿ, ಅವರು ಮುಗಿಸೋ ತನಕ ಬೇರೆಯೋರು ಕಾಯ್ಬೇಕು, ಇದನ್ನ ಮೊದಲ ದಿನಾನೇ ಹೇಳ್ಬಿಡಿ. ಹಲ್ಲುಜ್ಜೋದು, ಮುಖ ತೊಳೆಯೋದು ಬೇರೆ ಸಿಂಕಲ್ಲಿ ಆಗೋ ಹಾಗಿದ್ರೆ ಅಲ್ಲೊಂದು ಕನ್ನಡಿ ತೂಗುಹಾಕಿ. ಟವೆಲ್‌ಗಳು ಅದಲು ಬದಲಾಗೋದು ಖಾತ್ರಿ, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ.

ನೆಂಟರು ಬಂದ್ರೆ ನಾನು ಅಡುಗೆಮನೆಯಿಂದ ಹೊರಗೇ ಬರಲ್ಲ. ಏನು ಮಾಡ್ಲಿ?

ಎಲ್ಲಾ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನ್ಸೋದು ಇದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಎಲ್ಲರೂ ಹಾಲಲ್ಲಿ ಕೂತು ನಗ್ತಿರ್ತಾರೆ, ಒಬ್ಬಳು ಮಾತ್ರ ಒಲೆ ಮುಂದೆ ನಿಂತಿರ್ತಾಳೆ. ಒಂದು ಸಲ ಬಡಿಸಿ ಪಾತ್ರೆ ತೊಳೆದು ಮುಗಿಸೋ ಅಷ್ಟ್ರಲ್ಲಿ ಇನ್ನೊಂದು ಹೊತ್ತಿನ ಅಡುಗೆ. ಸಂಬಂಧಗಳನ್ನ ಒಟ್ಟಿಗೆ ಹಿಡಿದಿಡೋ ಈ ಕೆಲ್ಸ, ಅಂದ್ರೆ ಫೋನ್ ಮಾಡೋದು, ಕರೆಯೋದು, ಬಂದಾಗ ನೋಡ್ಕೊಳ್ಳೋದು, ಯಾರಿಗೆ ಯಾವುದು ಆಗಲ್ಲ ಅಂತ ನೆನಪಿಟ್ಕೊಳ್ಳೋದು, ಇದರ ಬಗ್ಗೆ ಸಮಾಜಶಾಸ್ತ್ರಜ್ಞರು ಅಧ್ಯಯನಾನೂ ಮಾಡಿದ್ದಾರೆ. ಕೆನಡಾದ ಕ್ಯಾರೊಲಿನ್ ರೋಸೆಂತಾಲ್ 1985ರಲ್ಲಿ ಇದರ ಮೇಲೆ ಬರೆದಿದ್ರು, ಈ ಕೆಲ್ಸ ಹೆಚ್ಚಾಗಿ ಹೆಂಗಸರ ಮೇಲೇ ಬೀಳತ್ತೆ, ಎಷ್ಟೋ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ದಾಟ್ತಾ ಹೋಗತ್ತೆ ಅಂತ. ಅಂದ್ರೆ ನಿಮ್ಮೊಬ್ಬರ ಮನೆ ಕಥೆ ಅಲ್ಲ ಇದು, ಹಾಗಂತ ಹೀಗೇ ಮುಂದುವರೀಬೇಕು ಅಂತಾನೂ ಇಲ್ಲ.

ಮೊದಲನೇದು, "ಏನಾದ್ರೂ ಮಾಡ್ಲಾ?" ಅಂತ ಯಾರಾದ್ರೂ ಕೇಳಿದ ತಕ್ಷಣ "ಬೇಡ ಬೇಡ ನೀವು ಕೂತ್ಕೊಳ್ಳಿ" ಅನ್ನೋದನ್ನ ನಿಲ್ಲಿಸಿ. ಆ ಒಂದು ಮಾತಿಂದಾನೇ ಮುಂದಿನ ಎರಡು ವಾರ ಹೇಗಿರತ್ತೆ ಅಂತ ನಿರ್ಧಾರ ಆಗ್ಬಿಡತ್ತೆ, ಅವರು ಮತ್ತೆ ಕೇಳಲ್ಲ, ನೀವು ಮತ್ತೆ ಹೇಳಲ್ಲ. ಕೇಳಿದ ತಕ್ಷಣ ಒಂದು ಕೆಲ್ಸ ಕೈಗೆ ಕೊಡಿ. ಅದೂ ಶುರುವಿಂದ ಕೊನೆವರೆಗೆ ಅವರದ್ದೇ ಆಗೋ ಕೆಲ್ಸ ಕೊಡಿ. "ಸ್ವಲ್ಪ ಹೆಲ್ಪ್ ಮಾಡು" ಅಂದ್ರೆ ಪ್ರತಿ ಸಲ ನೀವೇ ಹೇಳ್ತಾ ಇರ್ಬೇಕಾಗತ್ತೆ, ಹೇಳೋದೂ ಒಂದು ಕೆಲ್ಸಾನೇ. ಅದರ ಬದಲು "ಭಾವ, ರಾತ್ರಿ ಪಾತ್ರೆ ಇನ್ಮೇಲೆ ನಿಮ್ಮದು", "ಬೆಳಗ್ಗಿನ ತಿಂಡಿ ಅಕ್ಕ ನಿಂದು, ಏನು ಮಾಡ್ಬೇಕು ಅನ್ನೋದೂ ನೀನೇ ಯೋಚ್ನೆ ಮಾಡು" ಅಂದ್ರೆ ಆ ವಿಷಯ ನಿಮ್ಮ ತಲೆಯಿಂದಾನೇ ಇಳೀತು.

ಗಂಡಸರಿಗೂ ಹೇಳಿ. ಒಗೆದ ಬಟ್ಟೆ ಒಣಗಿಸಿ ಮಡಿಸೋದು, ಕುಡಿಯೋ ನೀರು ತುಂಬೋದು, ಕಸ ಹೊರಗೆ ಹಾಕೋದು, ತರಕಾರಿ ತಂದು ಹೆಚ್ಚಿ ಕೊಡೋದು, ಬಡಿಸೋದು. ಎಂಟು ವರ್ಷದ ಮಕ್ಕಳೂ ಲೋಟ ತಟ್ಟೆ ಇಡ್ತಾರೆ, ಹಾಸಿಗೆ ಮಡಿಸ್ತಾರೆ. ಹುಡುಗೀರಿಗೆ ಮಾತ್ರ ಹೇಳಿ ಹುಡುಗರನ್ನ ಆಟಕ್ಕೆ ಬಿಡೋದು ಈ ತಲೆಮಾರಿಗೆ ನಿಲ್ಲಲಿ ಅಂತ ನನಗೆ ತುಂಬಾ ಆಸೆ.

ಎರಡನೇದು, ದಿನಕ್ಕೆ ಒಂದು ಹೊತ್ತು ಮಾತ್ರ ದೊಡ್ಡ ಅಡುಗೆ. ಇನ್ನೊಂದು ಹೊತ್ತು ಹಿಂದಿನದ್ದೋ, ಸುಲಭದ್ದೋ, ಯಾರಿಗೆ ಹಸಿವಾಗತ್ತೋ ಅವರೇ ಹಾಕ್ಕೊಂಡು ತಿನ್ನೋದು. ಎರಡು ಮೂರು ದಿನಕ್ಕೊಂದ್ಸಲ ಅಡುಗೆ ಮಾಡೋರಿಗೆ ಪೂರ್ತಿ ರಜೆ, ಹೊರಗಿಂದ ತರಿಸಿ ಇಲ್ಲಾ ಉಳಿದೋರು ಮಾಡ್ಲಿ, ರುಚಿ ಹೇಗಾದ್ರೂ ಇರ್ಲಿ. ಬರೋಕೆ ಮುಂಚೆ ಯಾರಿಗೆ ಏನು ಅಲರ್ಜಿ, ಯಾರಿಗೆ ಶುಗರ್, ಯಾರಿಗೆ ಉಪ್ಪು ಕಮ್ಮಿ ಅಂತ ಒಂದು ಲಿಸ್ಟ್ ಬರೆದು ಅಡುಗೆಮನೇಲಿ ಅಂಟಿಸಿ, ಆಗ ಬೇರೆ ಯಾರೇ ಒಲೆ ಮುಂದೆ ನಿಂತ್ರೂ ನಿಮ್ಮನ್ನ ಕೂಗ್ಬೇಕಾಗಿಲ್ಲ.

ಉಳಿದ ಅಡುಗೆ ಎಷ್ಟು ಹೊತ್ತು ಇಡ್ಬಹುದು? ಫ್ರಿಜ್ಜು ತುಂಬಿ ತುಳುಕ್ತಿದೆ.

ಬೇಯಿಸಿದ ಅಡುಗೆ ಹೊರಗಡೆ 2 ಗಂಟೆಗಿಂತ ಜಾಸ್ತಿ ಬೇಡ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತುಂಬಾ ಸೆಕೆ ಇದ್ದು ರೂಮೇ 32 ಡಿಗ್ರಿ ದಾಟಿದ್ರೆ 1 ಗಂಟೇಲೇ ಒಳಗಿಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ಮಧ್ಯೆ ಬ್ಯಾಕ್ಟೀರಿಯಾ ಬೇಗ ಬೆಳೆಯತ್ತೆ, ಬೇಸಿಗೆಯ ಅಡುಗೆಮನೆ ಪೂರ್ತಿ ಆ ಮಧ್ಯದಲ್ಲೇ ಇರತ್ತೆ. ದೊಡ್ಡ ಪಾತ್ರೆಯನ್ನ ಹಾಗೇ ಒಳಗಿಟ್ರೆ ನಡುವಿನ ಭಾಗ ತಣ್ಣಗಾಗೋಕೆ ಬಹಳ ಹೊತ್ತು ಬೇಕು, ಸಣ್ಣ ಸಣ್ಣ ಅಗಲ ಡಬ್ಬಿಗಳಿಗೆ ಹಾಕಿ ಇಡಿ. ಮತ್ತೆ ಬಿಸಿ ಮಾಡುವಾಗ ಬೆಚ್ಚಗೆ ಮಾಡಿದ್ರೆ ಸಾಲದು, ಒಳಗೆಲ್ಲಾ ಹಬೆ ಬರೋ ತನಕ ಕುದಿಸಿ.

ಫ್ರಿಜ್ಜನ್ನ ಕೈ ಆಡಿಸೋಕೂ ಜಾಗ ಇಲ್ಲದ ಹಾಗೆ ತುಂಬಿದ್ರೆ ಒಳಗೆ ತಣ್ಣನೆ ಗಾಳಿ ಓಡಾಡಲ್ಲ, ಹತ್ತು ಜನ ನಿಮಿಷಕ್ಕೊಂದ್ಸಲ ಬಾಗಿಲು ತೆಗೀತಿದ್ರೆ ಇನ್ನೂ ಕಷ್ಟ. ಕುಡಿಯೋ ನೀರಿನ ಬಾಟಲಿಗಳನ್ನೆಲ್ಲ ಹೊರಗೆ ತೆಗೆದು ಮಡಕೆಗೋ ಕೂಲರ್ ಡಬ್ಬಕ್ಕೋ ಹಾಕಿ, ಬಾಗಿಲು ತೆಗೆಯೋದು ಅರ್ಧಕ್ಕರ್ಧ ಕಮ್ಮಿ ಆಗತ್ತೆ.

ಖರ್ಚು ಹಂಚ್ಕೊಳ್ಳೋ ಮಾತು ಹೇಗೆ ತೆಗೆಯೋದು?

ನೀವಾಗೇ ತೆಗೆಯೋದು ಕಷ್ಟ, ಒಪ್ಕೋತೀನಿ. ಸ್ವಲ್ಪ ದಿನಕ್ಕೆ ಬಂದೋರ ಹತ್ರ ಕೇಳೋದೇ ಬೇಡ. ತಿಂಗಳುಗಟ್ಟಲೆ ಇರೋರಾದ್ರೆ ದುಡ್ಡು ಅಂತ ಕೇಳೋ ಬದಲು ಒಂದು ವಿಷಯ ವಹಿಸಿಕೊಡಿ, ತರಕಾರಿ ಹಣ್ಣು ನೀವು ತನ್ನಿ, ಹೊರಗೆ ಹೋದಾಗಿನ ಖರ್ಚು ನಾವು ನೋಡ್ಕೋತೀವಿ ಅನ್ನೋ ಥರ. ಒಡಹುಟ್ಟಿದೋರ ಮಧ್ಯೆ ಆದ್ರೆ ನೇರವಾಗಿ ಹೇಳೋದೇ ಒಳ್ಳೇದು, ಮನಸಲ್ಲಿಟ್ಕೊಂಡು ವರ್ಷಗಟ್ಟಲೆ ನೆನೆಸ್ಕೊಳ್ಳೋದಕ್ಕಿಂತ. ಹಾಗೇ ಎಲ್ಲರ ಸಂಪಾದನೆ ಒಂದೇ ಥರ ಇರಲ್ಲ. ಕೈ ಬಿಗಿ ಇರೋರು ಯಾರು ಅಂತ ನಿಮಗೆ ಗೊತ್ತಿರತ್ತೆ, ಅವರ ಮುಂದೆ ದುಬಾರಿ ಜಾಗಕ್ಕೆ ಹೋಗೋ ಪ್ಲ್ಯಾನ್ ಎತ್ಲೇಬೇಡಿ, ಮಕ್ಕಳ ಮುಂದಂತೂ ಬೇಡವೇ ಬೇಡ.

ನನಗೆ ರಜೆ ಇಲ್ಲ, ಮನೇಲೇ ಕೂತು ಕೆಲ್ಸ ಮಾಡೋದು. ಯಾರಿಗೂ ಅರ್ಥ ಆಗಲ್ಲ.

ಮನೇಲಿದ್ದಾನೆ ಅಂದ್ರೆ ಬಿಡುವಾಗಿದ್ದಾನೆ ಅಂತಾನೇ ಹಿರಿಯರಿಗೆ ಅನ್ಸತ್ತೆ, ಅದರಲ್ಲಿ ಅವರ ತಪ್ಪೇನಿಲ್ಲ. ಎಷ್ಟು ಗಂಟೆಗೆ ಸಿಗ್ತೀರಾ ಅಂತ ಹೇಳಿ, "ನಾಲ್ಕೂವರೆಗೆ ಬರ್ತೀನಿ ಅತ್ತೆ, ಕಾಫಿ ಟೀ ಏನಾದ್ರೂ ಒಟ್ಟಿಗೆ ಕುಡಿಯೋಣ" ಅಂತ, ಮತ್ತೆ ಆ ನಾಲ್ಕೂವರೆಗೆ ನಿಜವಾಗ್ಲೂ ಬನ್ನಿ. ಫೋನ್ ಒಳಗೇ ಬಿಟ್ಟು ಬನ್ನಿ. ದಿನ ಪೂರ್ತಿ ಅರೆಮನಸ್ಸಲ್ಲಿ ಸುತ್ತಮುತ್ತ ಇರೋದಕ್ಕಿಂತ ಆ ಒಂದು ಗಂಟೆಗೆ ಬೆಲೆ ಜಾಸ್ತಿ. ಬಾಗಿಲಿಗೆ ಒಂದು ಚೀಟಿ ಹಾಕಿ, ಮಕ್ಕಳಿಗೆ ಅದನ್ನ ಕಾಯೋ ಕೆಲ್ಸ ಕೊಡಿ, ಖುಷಿಯಿಂದ ಮಾಡ್ತಾರೆ.

ಅಜ್ಜಿ ತಾತ ಬರ್ತಿದ್ದಾರೆ, ಏನೇನು ತಯಾರಿ ಬೇಕು?

ರಾತ್ರಿ ಬಗ್ಗೆ ಮೊದ್ಲು ಯೋಚ್ನೆ ಮಾಡಿ. ಹೊಸ ಮನೇಲಿ ಸ್ವಿಚ್ಚು ಎಲ್ಲಿದೆ, ಹೊಸ್ತಿಲು ಎಲ್ಲಿದೆ ಅಂತ ಅವರಿಗೆ ಗೊತ್ತಿರಲ್ಲ. ಮಂಚದಿಂದ ಬಾತ್‌ರೂಮಿನ ತನಕ ಒಂದು ಸಣ್ಣ ಲೈಟ್ ರಾತ್ರಿಯೆಲ್ಲ ಉರೀಲಿ, ಜಾರೋ ಕಾಲೊರಸು, ಚಾರ್ಜರ್ ವೈರು, ಮಕ್ಕಳ ಆಟದ ಸಾಮಾನು ಆ ದಾರೀಲಿ ಇರ್ಬಾರ್ದು. ಬಾತ್‌ರೂಮ್ ನೆಲ ಒಣಗಿರ್ಲಿ, ಒಂದು ಗಟ್ಟಿ ಕುರ್ಚಿ ಇಡಿ. ಒಳಗಿಂದ ಚಿಲಕ ಹಾಕ್ಬೇಡಿ ಅಂತ ಹೇಳಿ.

ಮರೆವಿನ ಕಾಯಿಲೆ ಇರೋರಿಗೆ ಜಾಗ ಬದಲಾದ್ರೆ ಗೊಂದಲ ಹೆಚ್ಚಾಗತ್ತೆ, ಅದರಲ್ಲೂ ಸಂಜೆ ಹೊತ್ತು. ಮನೆಗೆ ಹೋಗೋಣ ಅಂತ ಹಠ ಮಾಡ್ಬಹುದು. ವಾದ ಮಾಡ್ಬೇಡಿ. ಅವರ ಮನೆಯ ಹೊದಿಕೆ, ದಿಂಬು, ದಿನಾ ಬಳಸೋ ಲೋಟ ತಂದ್ರೆ ಸ್ವಲ್ಪ ನೆಮ್ಮದಿ, ಊಟ ನಿದ್ದೆ ಟೈಮು ಅಲ್ಲಿದ್ದ ಹಾಗೇ ಇರ್ಲಿ, ಸುತ್ತ ಗಲಾಟೆ ಜಾಸ್ತಿ ಆದಾಗ ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಯಾರಾದ್ರೂ ಒಬ್ಬರು ಜೊತೇಲಿ ಕೂರಿ.

ಮಾತ್ರೆಗಳು ಇರೋ ದಿನಕ್ಕಿಂತ ಒಂದು ವಾರ ಜಾಸ್ತಿಗೇ ತರೋಕೆ ಹೇಳಿ, ಡಾಕ್ಟರ ಚೀಟಿಯ ಫೋಟೋ ಮೊದಲೇ ತರಿಸ್ಕೊಳ್ಳಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರೀಲಿ ಇರ್ಬೇಕು, ಫ್ರೀಜರ್‌ನಲ್ಲಿ ಇಡ್ಲೇಬಾರ್ದು, ಫ್ರಿಜ್ಜಿನ ಹಿಂದಿನ ಗೋಡೆಗೆ ತಾಗೋ ಹಾಗೂ ಇಡ್ಬೇಡಿ, ಅಲ್ಲೂ ಹೆಪ್ಪುಗಟ್ಬಹುದು. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸೋ ಹಾಗಿಲ್ಲ. ಇನ್ನು ಮಾತ್ರೆ ಡಬ್ಬಿ ದಿಂಬಿನ ಪಕ್ಕ, ಪರ್ಸಿನಲ್ಲಿ ಇಟ್ಕೊಳ್ಳೋ ಅಭ್ಯಾಸ ತುಂಬಾ ಜನಕ್ಕಿರತ್ತೆ, ಅವರ ಮನೇಲಿ ಪುಟ್ಟ ಮಕ್ಕಳು ಇರಲ್ವಲ್ಲ ಅದಕ್ಕೆ. ಇಲ್ಲಿ ಇರ್ತಾವೆ. ಎಲ್ಲರ ಔಷಧಿಗೂ ಎತ್ತರದಲ್ಲಿ, ಬಾಗಿಲು ಇರೋ ಒಂದೇ ಕಪಾಟು.

ಸೆಕೆ ತಡೆಯೋಕಾಗ್ತಿಲ್ಲ, ಮನೇಲಿ ಜನ ಬೇರೆ ಜಾಸ್ತಿ. ಯಾವಾಗ ಹೆದರ್ಬೇಕು?

ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗೋದು ಕಮ್ಮಿ ಆಗತ್ತೆ, ಅದಕ್ಕೆ "ಬೇಕಾದ್ರೆ ಕೇಳಿ" ಅಂದ್ರೆ ಅವರು ಕೇಳಲ್ಲ, ಲೋಟ ಕೈಗೇ ಕೊಡ್ಬೇಕು. ಹೃದಯದ್ದೋ ಕಿಡ್ನಿದ್ದೋ ತೊಂದ್ರೆ ಇದ್ದು ನೀರು ಇಷ್ಟೇ ಕುಡೀಬೇಕು ಅಂತ ಡಾಕ್ಟರ್ ಹೇಳಿದ್ರೆ ಅವರ ಮಾತಿನ ಪ್ರಕಾರಾನೇ ನಡೀಲಿ. ಹಗಲಲ್ಲಿ ಬಿಸಿಲು ಬೀಳೋ ಕಿಟಕಿಗಳಿಗೆ ಪರದೆ ಎಳೀರಿ, ರಾತ್ರಿ ಹೊರಗೆ ತಂಪಾದ್ಮೇಲೆ ಎಲ್ಲಾ ತೆಗೀರಿ. ರೂಮಿನ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬರೀ ಫ್ಯಾನು ಸಹಾಯ ಮಾಡಲ್ಲ, ಬಿಸಿಗಾಳಿನೇ ಮೈಗೆ ಬಡಿಯತ್ತೆ, ಒದ್ದೆ ಬಟ್ಟೆ, ತಣ್ಣೀರಲ್ಲಿ ಕೈಕಾಲು ಇಡೋದು ವಾಸಿ.

ತಲೆನೋವು, ಸುಸ್ತು, ತುಂಬಾ ಬೆವರು, ವಾಕರಿಕೆ ಬಂದ್ರೆ ನೆರಳಿಗೆ ಕರ್ಕೊಂಡು ಬಂದು ಮಲಗಿಸಿ ಸ್ವಲ್ಪ ಸ್ವಲ್ಪ ನೀರು ಕೊಡಿ. ಮಾತು ತೊದಲ್ತಿದೆ, ಏನೇನೋ ಮಾತಾಡ್ತಿದ್ದಾರೆ, ಪ್ರಜ್ಞೆ ತಪ್ತಿದೆ, ಮೈ 40 ಡಿಗ್ರಿ ಮುಟ್ಟಿದೆ ಅಂದ್ರೆ ಅದು ಹೀಟ್ ಸ್ಟ್ರೋಕ್. ಆಂಬ್ಯುಲೆನ್ಸ್ ಕರೀರಿ, ಅದು ಬರೋ ತನಕ ಕಾಯ್ತಾ ಕೂರ್ಬೇಡಿ, ಮೈ ಮೇಲೆ ನೀರು ಹಾಕಿ ಗಾಳಿ ಬೀಸ್ತಾನೇ ಇರಿ. ಪ್ರಜ್ಞೆ ಇಲ್ಲದೋರ ಬಾಯಿಗೆ ನೀರು ಹಾಕ್ಬೇಡಿ.

ಕೈಗೂಸು ಬರ್ತಿದೆ, ನಮ್ಮನೇಲಿ ಮಗು ಇದ್ದೇ ಎಷ್ಟೋ ವರ್ಷ ಆಯ್ತು.

ನೆಲದ ಮೇಲೆ ಮಂಡಿಯೂರಿ ಮನೆಯೆಲ್ಲಾ ಒಂದು ಸುತ್ತು ಹಾಕಿ, ಮಗು ಕಣ್ಣಿಗೆ ಕಾಣೋದೆಲ್ಲ ಕಾಣತ್ತೆ. ನನಗೆ ಎಲ್ಲಕ್ಕಿಂತ ಭಯ ಬಟನ್ ಬ್ಯಾಟರಿ. ರಿಮೋಟು, ಆಟಿಕೆ, ಅಡುಗೆಮನೆ ತೂಕದ ಯಂತ್ರ ಎಲ್ಲದರಲ್ಲೂ ಇರತ್ತೆ. ನುಂಗಿ ಗಂಟಲಲ್ಲಿ ಸಿಕ್ಕಿಕೊಂಡ್ರೆ 2 ಗಂಟೆ ಒಳಗೇ ಅನ್ನನಾಳ ಸುಟ್ಟುಹೋಗ್ಬಹುದು. ನುಂಗಿರ್ಬಹುದು ಅಂತ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸೋಕೆ ಹೋಗ್ಬೇಡಿ, ಸೀದಾ ಆಸ್ಪತ್ರೆ. ಇನ್ನೊಂದು, ಬಕೆಟ್ಟಲ್ಲಿ ನೀರು ತುಂಬಿಟ್ಟು ಬಾತ್‌ರೂಮ್ ಬಾಗಿಲು ತೆಗೆದಿಡೋದು. ಪುಟ್ಟ ಮಗು ಮುಳುಗೋಕೆ ಕೆಲವೇ ಇಂಚು ನೀರು ಸಾಕು, ಸದ್ದೂ ಆಗಲ್ಲ. ಮನೆ ತುಂಬ ಜನ ಇದ್ದಾಗಲೇ ಇದು ಜಾಸ್ತಿ, ಯಾಕಂದ್ರೆ ಮಗುನ ಇನ್ಯಾರೋ ನೋಡ್ತಿದ್ದಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಅದಕ್ಕೆ ಬಾಯಿಬಿಟ್ಟು ಹೇಳೋ ಅಭ್ಯಾಸ ಮಾಡಿ: "ಈಗ ಮಗು ನನ್ನ ಹತ್ರ ಇದೆ", "ಈಗ ನಿನ್ನ ಹತ್ರ ಕೊಟ್ಟೆ".

ಮಲಗಿಸುವಾಗ ಬೆನ್ನ ಮೇಲೆ, ಗಟ್ಟಿ ಸಮತಟ್ಟು ಹಾಸಿಗೆ, ದಿಂಬು ಬೇಡ, ಸಡಿಲ ಹೊದಿಕೆ ಬೇಡ. ಸೋಫಾ ಮೇಲೆ ಮಗುನ ಎದೆ ಮೇಲೆ ಹಾಕ್ಕೊಂಡು ದೊಡ್ಡೋರು ನಿದ್ದೆ ಹೋಗೋದು ಅಪಾಯ.

ಆರು ತಿಂಗಳೊಳಗಿನ ಮಗುಗೆ ಎಷ್ಟೇ ಸೆಕೆ ಇದ್ರೂ ನೀರು ಬೇಡ, ತಾಯಿ ಹಾಲಲ್ಲೇ ಅದಕ್ಕೆ ಬೇಕಾದ ನೀರು ಇರತ್ತೆ, ಹಾಲು ಕುಡಿಸೋದು ಜಾಸ್ತಿ ಮಾಡಿದ್ರೆ ಸಾಕು. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸೋದೂ ಬೇಡ, ಅದರಿಂದ ಬಾಟ್ಯುಲಿಸಮ್ ಅನ್ನೋ ಕಾಯಿಲೆ ಬರ್ಬಹುದು. ಈ ಎರಡು ವಿಷಯದಲ್ಲಿ ಹಿರಿಯರ ಜೊತೆ ವಾದ ಆಗೇ ಆಗತ್ತೆ. ಬಾಣಂತಿ ಒಬ್ಬಳೇ ಎಲ್ಲರಿಗೂ ಉತ್ತರ ಕೊಡ್ತಾ ನಿಲ್ಲೋ ಹಾಗೆ ಮಾತ್ರ ಮಾಡ್ಬೇಡಿ. ಅತ್ತೆಯ ಮಗನೋ, ಮನೆಯ ಯಜಮಾನರೋ ಯಾರಾದ್ರೂ "ಡಾಕ್ಟರ್ ಬೇಡ ಅಂದಿದ್ದಾರೆ ಅಮ್ಮ" ಅಂತ ಅಡ್ಡ ನಿಲ್ಲಿ.

ಮಕ್ಕಳು ಬಂದ ಮೊದಲ ದಿನ ಅಪ್ಪಿಕೊಳ್ತಾರೆ, ಮೂರನೇ ದಿನ ಹೊಡೆದಾಡ್ತಾರೆ. ನಾವು ಮಧ್ಯೆ ಹೋಗ್ಬೇಕಾ?

ರಕ್ತ, ಕಚ್ಚೋದು, ದೊಡ್ಡವನು ಚಿಕ್ಕವನನ್ನ ಒಂದೇ ಸಮನೆ ಪೀಡಿಸೋದು ಇದ್ರೆ ತಕ್ಷಣ ಹೋಗಿ. ಉಳಿದದ್ದಕ್ಕೆ ಒಂದು ಐದು ನಿಮಿಷ ಬಿಟ್ಟು ನೋಡಿ. ದೊಡ್ಡೋರು ಮಧ್ಯೆ ಬಂದ ತಕ್ಷಣ ಜಗಳ ಮಕ್ಕಳದ್ದಾಗಿ ಉಳಿಯಲ್ಲ, ನನ್ನ ಮಗ ನಿನ್ನ ಮಗ ಅಂತ ಆಗ್ಬಿಡತ್ತೆ, ಮಕ್ಕಳು ಅರ್ಧ ಗಂಟೇಲಿ ಒಟ್ಟಿಗೆ ಆಡ್ತಿರ್ತಾರೆ, ಅಪ್ಪ ಅಮ್ಮಂದಿರ ಮುಖ ಮಾತ್ರ ಎರಡು ದಿನ ಊದಿರತ್ತೆ.

ಈ ವಿಷಯದಲ್ಲಿ ನನಗೆ ಯಾವಾಗ್ಲೂ ನೆನಪಾಗೋದು 1954ರಲ್ಲಿ ಮುಜಾಫರ್ ಶರೀಫ್ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದ ಒಕ್ಲಹೋಮದಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಮಾಡಿದ ಪ್ರಯೋಗ. ಸುಮಾರು 11 ವರ್ಷದ 22 ಹುಡುಗರನ್ನ ಎರಡು ಗುಂಪು ಮಾಡಿ ಸ್ಪರ್ಧೆಗೆ ಬಿಟ್ರು, ಕೆಲವೇ ದಿನಕ್ಕೆ ಬಾವುಟ ಸುಡೋ ಮಟ್ಟಕ್ಕೆ ದ್ವೇಷ ಬೆಳೀತು. ಒಟ್ಟಿಗೆ ಕೂರಿಸಿ ಊಟ ಹಾಕಿದ್ರೂ ಕಮ್ಮಿ ಆಗ್ಲಿಲ್ಲ, ಊಟದಲ್ಲೂ ಎರಚಾಡಿದ್ರು. ಕುಡಿಯೋ ನೀರು ನಿಂತುಹೋದಾಗ ಎಲ್ಲರೂ ಸೇರಿ ಹುಡುಕಿ ಸರಿಮಾಡೋ ಹಾಗೆ ಆಯ್ತು, ಕೆಟ್ಟುನಿಂತ ಗಾಡಿನ ಸೇರಿ ಎಳೆದ್ರು, ಇಂಥವು ಒಂದಾದ ಮೇಲೊಂದು ಬಂದ ಮೇಲೇ ಹುಡುಗರು ಒಂದಾಗ್ತಾ ಬಂದ್ರು. ಮಕ್ಕಳ ಮೇಲೆ ಬೇಕಂತ ಇಂಥದ್ದು ಮಾಡಿದ್ದು ಸರೀನಾ ಅಂತ ಆಮೇಲೆ ತುಂಬಾ ಟೀಕೆನೂ ಬಂತು, ಅದು ನ್ಯಾಯವಾದ ಟೀಕೆ. ಆದ್ರೂ ಮನೆಗೆ ತಗೊಳ್ಳೋ ವಿಷಯ ಇದೆ: ಈ ಮನೆ ಮಕ್ಕಳು ಆ ಮನೆ ಮಕ್ಕಳು ಅಂತ ಟೀಮ್ ಮಾಡಿ ಆಟ ಆಡಿಸ್ಬೇಡಿ, ಮಾರ್ಕ್ಸು, ಎತ್ತರ, ಬಣ್ಣ ಯಾವುದನ್ನೂ ಹೋಲಿಸ್ಬೇಡಿ, ಎಲ್ಲರೂ ಸೇರಿದ್ರೆ ಮಾತ್ರ ಆಗೋ ಕೆಲ್ಸ ಕೊಡಿ. ಹಳೇ ಸೀರೆ ಬೆಡ್‌ಶೀಟಲ್ಲಿ ಗುಡಾರ ಕಟ್ಟೋದು, ದೊಡ್ಡೋರಿಗೆ ಒಂದು ನಾಟಕ ತಯಾರು ಮಾಡೋದು, ಒಂದು ರಾತ್ರಿ ಊಟ ಪೂರ್ತಿ ಅವರೇ ಬಡಿಸೋದು.

ಇದ್ದ ಮನೆ ಮಗುವಿನ ಕಷ್ಟನೂ ನೋಡಿ. ಅದರ ರೂಮು, ಅದರ ಮಂಚ, ಅದರ ಸೈಕಲ್ಲು, ಎಲ್ಲಾ ಬಿಟ್ಕೊಟ್ಟಿರೋದು ಅದೇ. "ನೀನು ದೊಡ್ಡವನು, ಕೊಡು" ಅಂತ ಎಷ್ಟು ಸಲ ಕೇಳಿಸ್ಕೊಳ್ಳತ್ತೆ ಪಾಪ. ಬರೋ ಮುಂಚೆ ಒಂದು ಡಬ್ಬಿ ಕೊಟ್ಟು, ಯಾರಿಗೂ ಕೊಡೋಕೆ ಇಷ್ಟ ಇಲ್ಲದ್ದನ್ನೆಲ್ಲ ಇದರಲ್ಲಿ ಹಾಕಿ ಒಳಗಿಡು ಅನ್ನಿ, ಹೊರಗೆ ಉಳಿದದ್ದು ಎಲ್ಲರದ್ದು.

ಅವರ ಮಕ್ಕಳಿಗೆ ಮೊಬೈಲ್ ಎಷ್ಟು ಹೊತ್ತು ಬೇಕಾದ್ರೂ ಬಿಡ್ತಾರೆ, ನಾವು ಬಿಡಲ್ಲ.

ಒಂದೇ ಮನೇಲಿ ಎರಡು ಕಾನೂನು ನಡೆಯಲ್ಲ, ನಿಮ್ಮ ಮಗು ಕಣ್ಣೆದುರಿಗೇ ಕೂತು ನೋಡ್ತಿರತ್ತೆ. ಮಕ್ಕಳಿಲ್ಲದಾಗ ದೊಡ್ಡೋರು ಕೂತು ಒಂದು ಹೊತ್ತು ಗೊತ್ತು ಮಾಡ್ಕೊಳ್ಳಿ, ಮಧ್ಯಾಹ್ನ ಬಿಸಿಲು ಜೋರಿದ್ದಾಗ ಇಷ್ಟು ಹೊತ್ತು ಎಲ್ಲರಿಗೂ, ಆಮೇಲೆ ಯಾರಿಗೂ ಇಲ್ಲ. 5 ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 1 ವರ್ಷದೊಳಗೆ ಸ್ಕ್ರೀನೇ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ 1 ಗಂಟೆ ಮೀರದಿದ್ರೆ ಒಳ್ಳೇದು ಅಂತ. ಊಟದ ಹೊತ್ತಲ್ಲಿ ದೊಡ್ಡೋರೂ ಫೋನ್ ಪಕ್ಕಕ್ಕಿಡ್ಬೇಕು, ಇಲ್ದಿದ್ರೆ ಯಾವ ಮಗುವೂ ಕೇಳಲ್ಲ.

ದಿನಾ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕಾ?

ಬೇಡ. ಒಂದು ದಿನ ಹೊರಗೆ, ಎರಡು ದಿನ ಮನೇಲಿ. ಬೋರ್ ಅಂತ ಮಕ್ಕಳು ಗೊಣಗಿದ್ರೆ ಗೊಣಗ್ಲಿ, ಆ ಬೋರಿಂದಾನೇ ಹೊಸ ಆಟ ಹುಟ್ಟೋದು. ಹೋಗುವಾಗಲೂ ಎಲ್ಲರೂ ಎಲ್ಲಾ ಕಡೆಗೂ ಬರ್ಲೇಬೇಕು ಅಂತ ಹಿಡಿದು ಎಳೀಬೇಡಿ, ನಡೆಯೋಕಾಗದ ದೊಡ್ಡಪ್ಪ ಮನೇಲೇ ಉಳಿದು ಒಬ್ಬ ಮೊಮ್ಮಗನ ಜೊತೆ ಹಳೇ ಫೋಟೋ ಆಲ್ಬಮ್ ನೋಡಿದ್ರೆ ಅದೂ ರಜೆನೇ. ಆ ಆಲ್ಬಮ್‌ನಲ್ಲಿರೋರ ಹೆಸರು ಗೊತ್ತಿರೋರು ಇರುವಾಗಲೇ ಹಿಂದೆ ಬರೆದಿಡಿ, ಮೊಬೈಲಲ್ಲಿ ಅವರ ಮಾತು ರೆಕಾರ್ಡ್ ಮಾಡ್ಕೊಳ್ಳಿ. ಇದನ್ನ ಮುಂದಿನ ಸಲ ಮಾಡೋಣ ಅಂತ ಮುಂದಕ್ಕೆ ಹಾಕ್ಲೇಬೇಡಿ.

ಒಬ್ಬರಿಗೆ ವಾಂತಿ ಭೇದಿ ಶುರುವಾದ್ರೆ ಮನೆಯೆಲ್ಲಾ ಹರಡತ್ತಲ್ಲ?

ಹರಡತ್ತೆ, ಆದ್ರೆ ತಡೀಬಹುದು. ಹುಷಾರಿಲ್ಲದೋರು ಅಡುಗೆಗೆ ಕೈ ಹಾಕ್ಬಾರ್ದು, ವಾಂತಿ ಭೇದಿ ನಿಂತು 2 ದಿನ ಆಗೋ ತನಕ. ಎಲ್ಲರೂ ಸೋಪಿನಿಂದ ಕೈ ತೊಳೀಬೇಕು. ವಾಂತಿ ಭೇದಿ ತರೋ ನೋರೋವೈರಸ್ ಥರದ್ದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಕೆಲ್ಸ ಮಾಡಲ್ಲ. ಓಆರ್‌ಎಸ್ ಪ್ಯಾಕೆಟ್ ಮನೇಲಿ ಮೊದಲೇ ತಂದಿಡಿ, ಇಲ್ಲದಿದ್ರೆ 1 ಲೀಟರ್ ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಗೋಪುರ ಆಗ್ಬಾರ್ದು, ಸಮವಾಗಿರ್ಲಿ. ಉಪ್ಪು ಜಾಸ್ತಿ ಆದ್ರೆ ಮಗುಗೆ ಅಪಾಯ. ಮೂತ್ರ ಹೋಗೋದು ಕಮ್ಮಿ ಆಗಿದೆ, ಕಣ್ಣು ಗುಳಿಬಿದ್ದಿದೆ, ಮಗು ಮಂಕಾಗಿದೆ, ಭೇದೀಲಿ ರಕ್ತ ಇದೆ ಅಂದ್ರೆ ಡಾಕ್ಟರ ಹತ್ರ.

ಬರೋ ಮುಂಚೆನೇ ಯಾರಿಗಾದ್ರೂ ಜ್ವರ ಇದ್ರೆ ಹೇಳಿ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ. ಸಿಡುಬಿನ ಥರ ಗುಳ್ಳೆ ಏಳೋ ಚಿಕನ್‌ಪಾಕ್ಸ್ ಗುಳ್ಳೆ ಕಾಣೋಕೆ 1-2 ದಿನ ಮುಂಚಿಂದಾನೇ ಹರಡತ್ತೆ, ಮನೇಲಿ ಬಸುರಿ ಇದ್ರೆ ಇದು ಸಣ್ಣ ವಿಷಯ ಅಲ್ಲ.

ಬಂದೋರು ಸುಮ್ನೆ ಇರಲ್ಲ, ಮದುವೆ ಯಾವಾಗ, ಮಗು ಯಾವಾಗ, ದಪ್ಪ ಆಗಿದೀಯಾ ಅಂತ ಶುರು ಮಾಡ್ತಾರೆ.

ಕೇಳಿಸ್ಕೊಳ್ಳೋರು ಉತ್ತರ ಕೊಟ್ರೆ ಎದುರು ಮಾತಾಡಿದ ಹಾಗಾಗತ್ತೆ, ಅದಕ್ಕೆ ಪಕ್ಕದಲ್ಲಿರೋರು ಬಾಯಿಬಿಡ್ಬೇಕು. "ಚಿಕ್ಕಮ್ಮ, ಅದನ್ನ ಕೇಳಿದ್ರೆ ಅವಳಿಗೆ ಬೇಜಾರಾಗತ್ತೆ, ಬಿಡಿ" ಅಂತ ಮೆಲ್ಲಗೆ, ನಗುಮುಖದಲ್ಲೇ, ಆದ್ರೆ ಸ್ಪಷ್ಟವಾಗಿ. ಮಗು ಆಗ್ಲಿಲ್ಲ ಅಂತ ಎಷ್ಟು ವರ್ಷದಿಂದ ನೋವು ತಿಂತಿದ್ದಾರೋ ಯಾರಿಗೆ ಗೊತ್ತು, ಆ ಒಂದು ಪ್ರಶ್ನೆಗೆ ಹೆದರಿ ಬರೋದನ್ನೇ ಬಿಟ್ಟೋರು ಇದ್ದಾರೆ. ಆಸ್ತಿ ವಿಷಯಕ್ಕೋ ಹಳೇ ಮಾತಿಗೋ ಮನಸ್ತಾಪ ಇರೋ ಇಬ್ಬರು ಒಟ್ಟಿಗೆ ಬರ್ತಿದ್ರೆ ಇಬ್ಬರಿಗೂ ಮೊದಲೇ ಬೇರೆಬೇರೆಯಾಗಿ ಫೋನ್ ಮಾಡಿ, ಅವರೂ ಬರ್ತಿದ್ದಾರೆ ಅಂತ ತಿಳಿಸಿ. ರಾಜಿ ಮಾಡ್ಸೋಕೆ ಇದು ಸಮಯ ಅಲ್ಲ. ಒಂದೇ ಸೂರಿನ ಕೆಳಗೆ ಸಭ್ಯವಾಗಿ ಎರಡು ವಾರ ಕಳೆದ್ರೆ ಅದೇ ದೊಡ್ಡದು.

ದೂರದ ದೇಶದಿಂದ ಬರ್ತಿದ್ದಾರೆ, ರಾತ್ರಿಯೆಲ್ಲಾ ಎಚ್ಚರ ಇರ್ತಾರೆ.

ದಾಟಿದ ಪ್ರತಿ ಒಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಬೇಕಾಗತ್ತೆ ಹೊಂದ್ಕೊಳ್ಳೋಕೆ, ಪೂರ್ವದ ಕಡೆ ಬಂದೋರಿಗೆ ಇನ್ನೂ ಕಷ್ಟ. ಬಂದ ಮೊದಲ ವಾರ ದೊಡ್ಡ ಪ್ಲ್ಯಾನ್ ಏನೂ ಬೇಡ, ಹಗಲಲ್ಲಿ ಬೆಳಕಿಗೆ ಓಡಾಡ್ಲಿ. ಮಧ್ಯರಾತ್ರಿ ಹಸಿವಾದ್ರೆ ತಿನ್ನೋಕೆ ಏನಾದ್ರೂ ಕೈಗೆ ಸಿಗೋ ಹಾಗಿಡಿ, ನೀವು ಎದ್ದು ಬಡಿಸ್ಬೇಕಾಗಿಲ್ಲ.

ನಾಯಿ ಬೆಕ್ಕು ಇದೆ ಮನೇಲಿ.

ಹೆದರೋರು, ಅಲರ್ಜಿ ಇರೋರು ಇದ್ದಾರಾ ಕೇಳಿ. ನಾಯಿಗೆ ಯಾರೂ ಬರದ ಒಂದು ಮೂಲೆ ಇರ್ಲಿ, ಊಟ ಮಾಡುವಾಗ, ಮಲಗಿದ್ದಾಗ ಮಕ್ಕಳು ಮುಟ್ಟೋ ಹಾಗಿಲ್ಲ. ಎಷ್ಟೇ ಸಾಧು ನಾಯಿ ಆದ್ರೂ ಪುಟ್ಟ ಮಗು ಜೊತೆ ಒಂಟಿಯಾಗಿ ಬಿಡ್ಬೇಡಿ.

ಈ ಸಲ ನಾವೇ ಹೋಗ್ತಿರೋದು. ಹೇಗಿರ್ಬೇಕು?

ಹೋಗೋ ದಿನ ನೀವೇ ಹೇಳಿ, ಅವರು ಕೇಳೋ ಮುಂಚೆ. ಎದ್ದ ಹಾಸಿಗೆ ಮಡಿಸಿ, ನಿಮ್ಮ ಬಟ್ಟೆ ನೀವೇ ಒಗೀರಿ. "ಏನಾದ್ರೂ ಮಾಡ್ಲಾ" ಅಂತ ಕೇಳೋ ಬದಲು ಪಾತ್ರೆ ಮುಂದೆ ಹೋಗಿ ನಿಂತ್ಬಿಡಿ. ಮಧ್ಯೆ ಒಂದಿನ ನೀವೇ ಎಲ್ಲಾದ್ರೂ ಹೊರಗೆ ಹೋಗಿ ಬನ್ನಿ, ಮನೆಯವರಿಗೆ ಅವರ ಮನೆ ಅರ್ಧ ದಿನ ವಾಪಸ್ ಸಿಗಲಿ. ಒಂದು ದಿನ ಅವರ ಮಕ್ಕಳನ್ನೂ ನೀವೇ ನೋಡ್ಕೊಂಡು ಗಂಡ ಹೆಂಡತಿನ ಆಚೆ ಕಳ್ಸಿ. ಅಡುಗೆ ಹೇಗಿದ್ರೂ ಅವರು ಮಾಡೋ ರೀತೀಲಿ ತಪ್ಪು ಹುಡುಕ್ಬೇಡಿ, ಕಪಾಟು ಜೋಡಿಸಿ ಸರಿ ಮಾಡ್ತೀನಿ ಅಂತ ಹೋಗ್ಬೇಡಿ.

ಹೋದ್ಮೇಲೆ ಅವರು ಬಿಟ್ಟುಹೋದ ಸಾಮಾನು ರಾಶಿ ಇರತ್ತೆ, ಏನು ಮಾಡೋದು?

ಹೊರಡೋ ಹಿಂದಿನ ರಾತ್ರಿನೇ ಮಕ್ಕಳನ್ನ ಬಿಟ್ಟು ಹುಡುಕ್ಸಿ, ಮಂಚದ ಕೆಳಗೆ, ಪ್ಲಗ್ಗಿನ ಹತ್ರ, ಒಣಗೋ ಬಟ್ಟೆ ಹಗ್ಗದ ಮೇಲೆ, ಫ್ರಿಜ್ಜಿನ ಬಾಗಿಲಲ್ಲಿ. ಆಮೇಲೂ ಏನಾದ್ರೂ ಸಿಕ್ಕಿದ್ರೆ ಔಷಧಿ, ಕನ್ನಡಕ, ಕಿವಿ ಮೆಷಿನ್ನು, ದಾಖಲೆ ಪತ್ರ ಇಂಥವನ್ನ ಅವತ್ತೇ ಫೋನ್ ಮಾಡಿ ತಿಳಿಸಿ ಕಳ್ಸಿಕೊಡಿ. ಒಂದು ಕಾಲಿನ ಸಾಕ್ಸು, ಚಾರ್ಜರ್, ಅರ್ಧ ಮುಗಿದ ಶಾಂಪೂ, ಆಟಿಕೆ ಎಲ್ಲಾ ಒಂದು ಚೀಲಕ್ಕೆ ಹಾಕಿ ಮೇಲೆ ಹೆಸರು ಬರೆದಿಡಿ, ಆ ಕಡೆ ಹೋಗೋರು ಯಾರಾದ್ರೂ ತಗೊಂಡು ಹೋಗ್ತಾರೆ.